ಮಡಕೆಯ ಗೋಡೆ, ಬ್ಯಾಟರಿಯ ಪೊರೆ

ನಮ್ಮ ಹೊಲದ ಬದುವಿನ ಮೇಲೆ ನಿಂತರೆ ದೂರದಲ್ಲಿ ಸೋಲಾರ್ ಪಾರ್ಕಿನ ಗಾಜು ಹೊಳೆಯುವುದು ಕಾಣುತ್ತದೆ. ಪಾವಗಡ ತಾಲ್ಲೂಕಿನ ಈ ಪಾರ್ಕು 2019ಕ್ಕೆ ಪೂರ್ತಿಯಾಯಿತು. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನನ್ನು ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ಕಡಲೆಕಾಯಿ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಬಿಸಿಲಿನ ಬೆಳೆ.

ನಮ್ಮ ಬೋರಿನ ಕಥೆ ಬೇರೆ. ತ್ರೀ ಫೇಸ್ ಕರೆಂಟು ನಮಗೆ ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿ ಬಂದಾಗ ನಡುರಾತ್ರಿ ಎದ್ದು ಟಾರ್ಚು ಹಿಡಿದು ಹೊರಡಬೇಕು. ಮೂರು ವರ್ಷದ ಕೆಳಗೆ ಹೀಗೇ ನೀರು ತಿರುಗಿಸುವಾಗ ನಮ್ಮಣ್ಣನಿಗೆ ಕೊಳಕುಮಂಡಲ ಕಚ್ಚಿತು. ಜೀವ ಉಳಿಯಿತು. ಎಡಗಾಲು ಇವತ್ತಿಗೂ ಊದಿಕೊಳ್ಳುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಒಂದು ಮಾತು ಕೇಳಿದ: "ಹಗಲೆಲ್ಲ ಅಷ್ಟು ಕರೆಂಟು ಹುಟ್ತದೆ. ಅದರಲ್ಲಿ ನಾಲ್ಕು ಗಂಟೆಯದ್ದು ಸಂಜೆಗೆ ಎತ್ತಿಡೋಕೆ ಬರೋದಿಲ್ವೇನೋ?"

ಸಂಜೆ ಐದರಿಂದ ಒಂಬತ್ತು ನೀರು ಹಾಯಿಸಲು ಹದವಾದ ಹೊತ್ತು. ಬಿಸಿಲು ಇಳಿದಿರುತ್ತದೆ, ನೀರು ಆವಿಯಾಗುವುದು ಕಡಿಮೆ, ಕಣ್ಣೂ ಸ್ವಲ್ಪ ಕಾಣುತ್ತದೆ. ಆದರೆ ಅದೇ ಹೊತ್ತಿಗೆ ಸೋಲಾರು ಮಲಗುತ್ತದೆ, ಊರು ಪೇಟೆಯ ದೀಪಗಳೆಲ್ಲ ಹತ್ತುತ್ತವೆ. ನಮ್ಮ ಸರದಿ ನಡುರಾತ್ರಿಗೆ ಹೋಗುತ್ತದೆ.

ಅಣ್ಣನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ರಜೆಗೆ ಬಂದ ಮಗಳಿಂದ. ಅವಳು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳ ಪ್ರಾಜೆಕ್ಟು ಫ್ಲೋ ಬ್ಯಾಟರಿಯ ಪೊರೆಯ ಮೇಲಂತೆ. "ಹಂಗಂದ್ರೆ ಏನವ್ವಾ?" ಅಂದೆ. "ಅಪ್ಪಾ, ನೀನು ಸೀಬೆ ಗಿಡದ ಬುಡಕ್ಕೆ ಹೂತಿದ್ದೀಯಲ್ಲ ಮಡಕೆ, ಅದರ ಗೋಡೆ ಇದ್ದಂಗೆ" ಅಂದಳು. ನಾನು ಓದಿದ್ದು ಏಳನೇ ಕ್ಲಾಸು. ಮಡಕೆ ಅಂದಿದ್ದಕ್ಕೆ ಧೈರ್ಯ ಬಂತು. ನಾಲ್ಕು ದಿನ ಕೂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೂರು ಪಾತ್ರೆಯ ಪಾಠ

ಮಡಕೆ ನೀರಾವರಿ ಮಾಡಿದವರಿಗೆ ಇದು ಗೊತ್ತು. ಅರೆಬೆಂದ ಮಡಕೆಯಾದರೆ ತುಂಬಿದ ನೀರು ಬೇಗ ಖಾಲಿ. ಹೆಚ್ಚು ಬೆಂದದ್ದಾದರೆ ನೀರು ಹಾಗೇ ನಿಂತಿರುತ್ತದೆ, ಗಿಡ ಒಣಗುತ್ತದೆ. ಎಲ್ಲಾ ಇರುವುದು ಗೋಡೆಯ ಕಣ್ಣಿಗೆ ಕಾಣದ ತೂತುಗಳಲ್ಲಿ.

ಬ್ಯಾಟರಿಯಲ್ಲೂ ಇದೇ ಮಡಕೆ ಒಂದು ಕಾಲದಲ್ಲಿ ಇತ್ತು. 1836ರಲ್ಲಿ ಲಂಡನ್ನಿನ ಡೇನಿಯಲ್ ಎಂಬ ವಿಜ್ಞಾನಿ ತಾಮ್ರ ಮತ್ತು ಸತುವಿನ ಬ್ಯಾಟರಿ ಮಾಡಿದರು. ಎರಡು ದ್ರಾವಣ ಬೆರೆಯಬಾರದು, ಆದರೆ ಕರೆಂಟು ಹೊತ್ತ ಕಣ ದಾಟಬೇಕು. ಅದಕ್ಕೆ ಅವರು ಮೊದಲು ನಡುವೆ ಇಟ್ಟದ್ದು ಎತ್ತಿನ ಅನ್ನನಾಳದ ಪೊರೆ. ಆಮೇಲೆ ಅದರ ಜಾಗಕ್ಕೆ ಸುಟ್ಟ ಮಣ್ಣಿನ ಮಡಕೆ ಬಂತು. ಆ ಕಾಲದ ತಂತಿ ಆಫೀಸುಗಳು ಇಂಥ ಬ್ಯಾಟರಿಯಿಂದ ನಡೆದವು.

ಅದನ್ನು ಮನೆಯಲ್ಲೇ ಮಾಡಬಹುದು ಅಂದಳು ಮಗಳು. ಬೇಕಾದ್ದೆಲ್ಲ ನಮ್ಮ ಗೋಡೌನಿನಲ್ಲೇ ಇತ್ತು. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ, ಜೋಳಕ್ಕೆ ಹಾಕಿ ಉಳಿದ ಜಿಂಕ್ ಸಲ್ಫೇಟ್. ರಿವೈಂಡಿಂಗ್ ಅಂಗಡಿಯಿಂದ ಹಳೇ ತಾಮ್ರದ ತಂತಿ ತಂದು ಮೇಲಿನ ವಾರ್ನಿಷ್ ಕೆರೆದೆವು. ಸಾದಾ ಟಾರ್ಚ್ ಸೆಲ್ಲಿನ ಹೊರಗವಚದ ಸತುವಿನ ತಗಡು ಕತ್ತರಿಸಿದೆವು. ಅಂಗಡಿ ಹುಡುಗ ಮೀಟರನ್ನೂ ಕೊಟ್ಟ.

ಮಾಡುವ ಕ್ರಮ ಹೀಗೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೈಲುತುತ್ತದ ನೀರು, ಅದರಲ್ಲಿ ತಾಮ್ರದ ತಂತಿಯ ಸುರುಳಿ. ಬಕೆಟ್ಟಿನೊಳಗೆ ಸಣ್ಣ ಮಡಕೆ. ಮಡಕೆಯೊಳಗೆ ಜಿಂಕ್ ಸಲ್ಫೇಟಿನ ನೀರು, ಅದರಲ್ಲಿ ಸತುವಿನ ತಗಡು. ತಾಮ್ರಕ್ಕೂ ಸತುವಿಗೂ ಮೀಟರು ಹಚ್ಚುವುದು. ಕಬ್ಬಿಣದ ಬಕೆಟ್ಟು ಬೇಡ, ಮೈಲುತುತ್ತ ಅದನ್ನು ತಿನ್ನುತ್ತದೆ.

ಮೊದಲ ದಿನ ಒಣ ಮಡಕೆ ಇಟ್ಟೆವು. ಮೀಟರು ಮಿಸುಕಲಿಲ್ಲ. "ಗೋಡೆ ನೆನೀಬೇಕಪ್ಪಾ" ಅಂದಳು. ರಾತ್ರಿಯೆಲ್ಲ ನೆನೆಸಿಟ್ಟು ಬೆಳಿಗ್ಗೆ ನೋಡಿದರೆ ಒಂದು ವೋಲ್ಟಿನ ಮೇಲೆ ತೋರಿಸಿತು.

ಆಮೇಲೆ ಮೂರು ಪಾತ್ರೆ ಒಂದೊಂದಾಗಿ ಇಟ್ಟು, ಮೀಟರನ್ನು ಮಿಲಿ ಆಂಪಿಯರಿಗೆ ತಿರುಗಿಸಿ ನೋಡಿದೆವು.

1. ಅರೆಬೆಂದ ಮಡಕೆ: ಕರೆಂಟು ಚೆನ್ನಾಗಿ ಬಂತು. ಬೆಳಗಾಗುವಷ್ಟರಲ್ಲಿ ಒಳಗಿನ ನೀರಿಗೆ ನೀಲಿ ಇಳಿದಿತ್ತು, ಸತುವಿನ ಮೇಲೆ ಕಪ್ಪು ಕಿಟ್ಟ ಕಟ್ಟಿತ್ತು. ಅದು ದಾಟಿ ಬಂದ ತಾಮ್ರ.

2. ಗಟ್ಟಿ ಬೆಂದ ಮಡಕೆ: ಸತುವು ಬೆಳಿಗ್ಗೆಗೂ ಹೆಚ್ಚುಕಮ್ಮಿ ಶುಭ್ರ. ಆದರೆ ಕರೆಂಟು ಮೊದಲಿನದರ ಕಾಲುಭಾಗವೂ ಇಲ್ಲ.

3. ಉಪ್ಪಿನಕಾಯಿ ಜಾಡಿ: ಒಳಗೂ ಹೊರಗೂ ಹೊಳಪು ಬಳಿದದ್ದು. ಸೋರಿಕೆಯೂ ಇಲ್ಲ, ಕರೆಂಟೂ ಇಲ್ಲ.

ಇಷ್ಟೇ ಪಾಠ. ಚೆನ್ನಾಗಿ ದಾಟಿಸುವ ಗೋಡೆ ಸೋರುತ್ತದೆ, ಸೋರದ ಗೋಡೆ ದಾಟಿಸುವುದಿಲ್ಲ. ಬೇಕಾದ್ದನ್ನು ಮಾತ್ರ ಬಿಟ್ಟು ಬೇಡದ್ದನ್ನು ತಡೆಯುವ ಗೋಡೆ ಮಾಡುವುದಕ್ಕೇ ದೇಶದೇಶದ ವಿಜ್ಞಾನಿಗಳು ಐವತ್ತು ವರ್ಷದಿಂದ ತಿಣುಕುತ್ತಿದ್ದಾರೆ.

(ಮಾಡಿ ನೋಡುವವರಿಗೆ ಎಚ್ಚರಿಕೆ: ಆ ಮಡಕೆಯನ್ನು ಮತ್ತೆ ಕುಡಿಯುವ ನೀರಿಗೆ ಬಳಸಬೇಡಿ. ಉಳಿದ ನೀರನ್ನು ದನಕುರಿ ಬಾಯಿ ಹಾಕುವ ಕಡೆ, ಕೆರೆ ಕುಂಟೆಗೆ ಚೆಲ್ಲಬೇಡಿ. ಕುರಿಗಂತೂ ತಾಮ್ರ ಆಗಿಬರುವುದೇ ಇಲ್ಲ.)

ಎರಡು ಟ್ಯಾಂಕು, ನಡುವೆ ಒಂದು ಪೊರೆ

ಈಗ ಫ್ಲೋ ಬ್ಯಾಟರಿಗೆ ಬರೋಣ. ನಮ್ಮ ಟ್ರಾಕ್ಟರಿನ ಬ್ಯಾಟರಿಯಲ್ಲಿ ಕರೆಂಟು ಸೀಸದ ಫಲಕಗಳಲ್ಲಿ ಕೂತಿರುತ್ತದೆ. ಫ್ಲೋ ಬ್ಯಾಟರಿಯಲ್ಲಿ ಅದು ದ್ರಾವಣದಲ್ಲಿ ಇರುತ್ತದೆ. ಎರಡು ಟ್ಯಾಂಕು, ಎರಡು ಸಣ್ಣ ಪಂಪು, ನಡುವೆ ಒಂದು ಗೂಡು. ಗೂಡನ್ನು ಒಂದು ತೆಳ್ಳನೆಯ ಪೊರೆ ಎರಡು ಭಾಗ ಮಾಡಿರುತ್ತದೆ. ಒಂದು ಕಡೆಯಿಂದ ಒಂದು ದ್ರಾವಣ, ಇನ್ನೊಂದು ಕಡೆಯಿಂದ ಇನ್ನೊಂದು ಹರಿದು ತಮ್ಮ ತಮ್ಮ ಟ್ಯಾಂಕಿಗೆ ವಾಪಸು ಹೋಗುತ್ತವೆ.

ಇದರಲ್ಲಿ ಒಂದು ಅನುಕೂಲ ಉಂಟು. ಮೋಟಾರಿನ ಎಚ್.ಪಿ. ಬೇರೆ, ತೊಟ್ಟಿಯ ಅಳತೆ ಬೇರೆ ಇದ್ದ ಹಾಗೆ. ಎಷ್ಟು ಜೋರಾಗಿ ಕರೆಂಟು ಬೇಕು ಎಂಬುದು ಪೊರೆಯ ಅಗಲಕ್ಕೆ ಸೇರಿದ್ದು. ಎಷ್ಟು ಹೊತ್ತು ಬೇಕು ಎಂಬುದು ಟ್ಯಾಂಕಿಗೆ ಸೇರಿದ್ದು.

ಅಮೆರಿಕದ ನಾಸಾ ಸಂಸ್ಥೆಯಲ್ಲಿ ಲಾರೆನ್ಸ್ ಥಾಲರ್ ಎಂಬವರು 1970ರ ದಶಕದಲ್ಲಿ ಇದನ್ನು ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ಕ್ರೋಮಿಯಂ ಹಾಕಿ ಮಾಡಿದರು. ಪೊರೆ ಸೋರಿದರೆ ಕಬ್ಬಿಣ ಕ್ರೋಮಿಯಮ್ಮಿನ ಟ್ಯಾಂಕು ಸೇರುತ್ತಿತ್ತು, ನಮ್ಮ ಸತುವಿಗೆ ತಾಮ್ರ ಹತ್ತಿದ ಹಾಗೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮರಿಯಾ ಸ್ಕಿಲಾಸ್-ಕಜಾಕೋಸ್ ಎಂಬ ಹೆಣ್ಣುಮಗಳು ಮತ್ತು ಅವರ ಸಂಗಡಿಗರು ಒಂದು ದಾರಿ ಕಂಡರು. ಎರಡೂ ಕಡೆ ಒಂದೇ ಲೋಹ, ವನೇಡಿಯಂ. ಗಂಧಕಾಮ್ಲದಲ್ಲಿ ಕರಗಿದ ವನೇಡಿಯಂ ನಾಲ್ಕು ಸ್ಥಿತಿಯಲ್ಲಿ ಇರಬಲ್ಲದು, ನಾಲ್ಕಕ್ಕೂ ಬೇರೆ ಬೇರೆ ಬಣ್ಣ. ಚಾರ್ಜು ಮಾಡುವಾಗ ಒಂದು ಟ್ಯಾಂಕು ಹಸಿರಿನಿಂದ ನೇರಳೆಗೆ, ಇನ್ನೊಂದು ನೀಲಿಯಿಂದ ಹಳದಿಗೆ ತಿರುಗುತ್ತದೆ. ಬಳಸುವಾಗ ಇದರ ಉಲ್ಟಾ.

ಇದರಲ್ಲೂ ಪೊರೆ ಸೋರಬಹುದು. ನೇರಳೆಯದು ಹಳದಿಗೆ ಸೇರಿದರೆ ಎರಡೂ ಜಗಳವಾಡಿ ತಣ್ಣಗಾಗುತ್ತವೆ, ತುಂಬಿಟ್ಟ ಕರೆಂಟು ಬರೀ ಶಾಖವಾಗಿ ಹೋಗುತ್ತದೆ. ಆದರೆ ದ್ರಾವಣ ಕೆಡುವುದಿಲ್ಲ. ಎರಡೂ ಟ್ಯಾಂಕು ಬೆರೆಸಿ ಸಮ ಮಾಡಿ ಮತ್ತೆ ಚಾರ್ಜು ಮಾಡಿದರೆ ಸೋರಿಕೆಯಿಂದ ಕುಗ್ಗಿದ ಶಕ್ತಿ ಹೆಚ್ಚುಕಮ್ಮಿ ವಾಪಸು ಬರುತ್ತದೆ. ಮೂಲ ಬಂಡವಾಳ ಉಳಿದು ಬಡ್ಡಿ ಮಾತ್ರ ಹೋದ ಹಾಗೆ.

ಪೊರೆಗೆ ಇರುವ ನಾಲ್ಕು ಕೆಲಸ

ಒಂದು, ಹೈಡ್ರೋಜನ್ನಿನ ಕಣಗಳನ್ನು ಸರಾಗವಾಗಿ ದಾಟಿಸಬೇಕು. ಅವು ದಾಟದಿದ್ದರೆ ಕರೆಂಟಿನ ಸುತ್ತು ಪೂರ್ತಿಯಾಗುವುದಿಲ್ಲ. ಎರಡು, ವನೇಡಿಯಂ ಕಣಗಳನ್ನು ತಡೆಯಬೇಕು. ಮೂರು, ಆಮ್ಲದಲ್ಲಿ ವರ್ಷಗಟ್ಟಲೆ ನೆನೆದರೂ ಹರಿಯಬಾರದು. ಹಳದಿ ವನೇಡಿಯಂ ಬಲು ಖಾರ, ಸಿಕ್ಕಿದ್ದನ್ನು ತಿನ್ನುತ್ತದೆ. ನಾಲ್ಕು, ಬೆಲೆ ಕೈಗೆಟುಕಬೇಕು.

ಬಹಳ ಕಾಲದಿಂದ ಬಳಕೆಯಲ್ಲಿರುವುದು ನಾಫಿಯಾನ್ ಎಂಬ ಪೊರೆ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವಾಲ್ಟರ್ ಗ್ರೋಟ್ ಎಂಬವರು 1960ರ ದಶಕದಲ್ಲಿ ಕಂಡುಹಿಡಿದದ್ದು. ದೋಸೆ ಅಂಟದ ತವಾಕ್ಕೆ ಬಳಿಯುವ ಟೆಫ್ಲಾನ್ ಇದರ ಬೆನ್ನೆಲುಬು. ಅದಕ್ಕೆ ಗಂಧಕಾಮ್ಲದ ಜಾತಿಯ ಕೊಂಬೆಗಳನ್ನು ಕಸಿ ಮಾಡಿದ್ದಾರೆ. ನೆನೆದಾಗ ಈ ಕೊಂಬೆಗಳ ಸುತ್ತ ನೀರು ಸೇರಿ ಸಣ್ಣ ಕಾಲುವೆಗಳಾಗುತ್ತವೆ. ಒಣಗಿದರೆ ಇದೂ ನಮ್ಮ ಒಣ ಮಡಕೆಯಂತೆ ಮಂಕು. ಕಾಲುವೆಯ ಅಗಲ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್.

ನಾಫಿಯಾನ್ ಗಟ್ಟಿ, ಹೈಡ್ರೋಜನ್ನನ್ನು ಚೆನ್ನಾಗಿ ಬಿಡುತ್ತದೆ. ಆದರೆ ಅದೇ ಕಾಲುವೆಯಲ್ಲಿ ವನೇಡಿಯಮ್ಮೂ ನುಸುಳುತ್ತದೆ. ಸೋರಿಕೆ ತಡೆಯಲು 117 ಎಂಬ ದಪ್ಪ ಹಾಳೆ ಹಾಕುತ್ತಾರೆ. ದಪ್ಪ ಅಂದರೂ 0.18 ಮಿಲಿಮೀಟರ್ ಅಷ್ಟೆ. ದಪ್ಪವಾದಷ್ಟೂ ಕರೆಂಟಿಗೆ ತಡೆ ಹೆಚ್ಚು. 212 ಎಂಬ ತೆಳು ಹಾಳೆ 0.05 ಮಿಲಿಮೀಟರ್. ತಡೆ ಕಡಿಮೆ, ಸೋರಿಕೆ ಜಾಸ್ತಿ. ಮತ್ತೆ ಅದೇ ಮಡಕೆ ಕಥೆ. ಬೆಲೆ ಚದರ ಮೀಟರಿಗೆ ನೂರಾರು ಡಾಲರ್, ಅಂದರೆ ಹತ್ತಾರು ಸಾವಿರ ರೂಪಾಯಿ. ಮೇಲಾಗಿ ಇದು ಮಣ್ಣಿನಲ್ಲಿ ಕರಗದ ಫ್ಲೋರಿನ್ ಜಾತಿಯ ವಸ್ತು.

ಸುಧಾರಣೆಯ ದಾರಿಗಳು

ಕಾಲುವೆ ಕಿರಿದು ಮಾಡುವುದು: ನಾಫಿಯಾನಿನ ಒಳಗೇ ಸಿಲಿಕಾದ ಅತಿ ಸಣ್ಣ ಕಣಗಳನ್ನು ಬೆಳೆಸುವುದು. ಸಿಲಿಕಾ ಅಂದರೆ ಮರಳಿನ ಜಾತಿಯದು. 2007ರಲ್ಲಿ ಚೀನಾದ ಸಂಶೋಧಕರು ಇದನ್ನು ಮಾಡಿ ವನೇಡಿಯಂ ಸೋರಿಕೆ ಬಹಳ ತಗ್ಗಿದ್ದನ್ನು ತೋರಿಸಿದರು. ಆದರೆ ನಾಫಿಯಾನಿನ ಬೆಲೆ ಹಾಗೇ ಉಳಿಯಿತು.

ಬೇರೆ ಪ್ಲಾಸ್ಟಿಕ್ಕು: ಫ್ಲೋರಿನ್ ಇಲ್ಲದ ಅಗ್ಗದ ಪ್ಲಾಸ್ಟಿಕ್ಕಿಗೆ ಅದೇ ಆಮ್ಲದ ಕೊಂಬೆ ಕಟ್ಟುವುದು. ಕಾಲುವೆ ಕಿರಿದು, ಸೋರಿಕೆ ಕಡಿಮೆ. ತೊಂದರೆ ಅಂದರೆ ಹಳದಿ ವನೇಡಿಯಂ ಇವನ್ನು ನಿಧಾನವಾಗಿ ತಿನ್ನುತ್ತದೆ.

ತಳ್ಳುವ ಪೊರೆ: ವನೇಡಿಯಂ ಕಣಕ್ಕೆ ಧನ ವಿದ್ಯುತ್ತು ಇರುತ್ತದೆ. ಪೊರೆಗೂ ಧನ ವಿದ್ಯುತ್ತು ಕಟ್ಟಿದರೆ ಒಂದನ್ನೊಂದು ತಳ್ಳುತ್ತವೆ. ಹೈಡ್ರೋಜನ್ ಸಣ್ಣದು, ಹೇಗೋ ನುಸುಳುತ್ತದೆ. ಸೋರಿಕೆ ತಗ್ಗುತ್ತದೆ, ತಡೆ ಸ್ವಲ್ಪ ಏರುತ್ತದೆ.

ಬರೀ ಜರಡಿ: ಕೊಂಬೆಯೇ ಬೇಡ, ತೂತಿನ ಅಳತೆಯಿಂದಲೇ ಬೇರ್ಪಡಿಸೋಣ ಎಂಬುದು ಚೀನಾದ ದಾಲಿಯನ್ ರಾಸಾಯನಿಕ ಭೌತ ಸಂಸ್ಥೆಯವರು ಹಿಡಿದ ದಾರಿ. ನೀರು ಸುತ್ತಿಕೊಂಡ ವನೇಡಿಯಂ ಕಣ ದಪ್ಪ, ಹೈಡ್ರೋಜನ್ ಕಣ ಸಣ್ಣ. ರಾಗಿ ಜರಡಿಯಲ್ಲಿ ರಾಗಿ ಇಳಿದು ಕಡ್ಡಿ ಉಳಿದ ಹಾಗೆ. 2011ರಿಂದ ಅವರು ಇಂಥ ಪೊರೆಗಳ ಕೆಲಸ ಪ್ರಕಟಿಸುತ್ತಾ ಬಂದಿದ್ದಾರೆ.

ಗಡುಸು ಎಳೆ: ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಡ್ ಮತ್ತು ಮೆಕ್‌ಕೌನ್ ಎಂಬವರು 2004ರ ಸುಮಾರಿಗೆ ಬಾಗದ, ಸೊಟ್ಟಂಬಟ್ಟ ಎಳೆಗಳ ಪ್ಲಾಸ್ಟಿಕ್ ಮಾಡಿದರು. ಜಾಲಿ ಕಂಟಿ ಒಟ್ಟಿದಾಗ ನಡುನಡುವೆ ಸಂದು ಉಳಿಯುತ್ತದಲ್ಲ, ಹಾಗೆ ಇವುಗಳಲ್ಲಿ ಒಂದು ನ್ಯಾನೋಮೀಟರಿಗೂ ಕಡಿಮೆ ಅಗಲದ ಸಂದುಗಳಿವೆ. 2019ರ ಕೊನೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಚೀಲೈ ಸಾಂಗ್, ಮೆಕ್‌ಕೌನ್ ಮತ್ತು ಸಂಗಡಿಗರು ಈ ಜಾತಿಗೆ ನೀರು ಹಿಡಿಯುವ ಗುಣ ಕೂಡಿಸಿ ಫ್ಲೋ ಬ್ಯಾಟರಿಗೆ ಹೊಂದಿಸಿದ್ದನ್ನು ಪ್ರಕಟಿಸಿದರು.

ದಾಟುವವನನ್ನೇ ದಪ್ಪ ಮಾಡುವುದು: ಇದು ನನಗೆ ಬಹಳ ಹಿಡಿಸಿತು. ಜರಡಿ ಸಣ್ಣದು ಮಾಡುವ ಬದಲು ಕಾಳನ್ನೇ ದಪ್ಪ ಮಾಡಿದರೆ? ಜರ್ಮನಿಯ ಯೇನಾ ವಿಶ್ವವಿದ್ಯಾಲಯದವರು 2015ರಲ್ಲಿ ಲೋಹ ಬಿಟ್ಟು, ಉಪ್ಪುನೀರಿನಲ್ಲಿ ಕರಗುವ ಉದ್ದ ಎಳೆಯ ಪಾಲಿಮರ್‌ನಲ್ಲಿ ಕರೆಂಟು ತುಂಬಿದರು. ಎಳೆ ದಪ್ಪವಾದ್ದರಿಂದ ಕಿಡ್ನಿ ರೋಗಿಗಳ ಡಯಾಲಿಸಿಸ್‌ಗೆ ಬಳಸುವ ಜಾತಿಯ ಅಗ್ಗದ ಪೊರೆಯೇ ಸಾಕಾಯಿತು. ಆಮ್ಲವೂ ಬೇಡ.

ಪೊರೆಯನ್ನು ಅಳೆಯುವ ಬಗೆ

ಹೊಸ ಪೊರೆ ಬಂತು ಎಂದು ಪೇಪರಿನಲ್ಲಿ ಓದಿದರೆ ಏನು ನೋಡಬೇಕು? ಪ್ರಯೋಗಶಾಲೆಯಲ್ಲೂ ಅವರು ಮಾಡುವುದು ನಮ್ಮ ಬಕೆಟ್ಟಿನ ಕೆಲಸವೇ. ಪೊರೆಯ ಒಂದು ಕಡೆ ನೀಲಿ ವನೇಡಿಯಂ, ಇನ್ನೊಂದು ಕಡೆ ಬಣ್ಣವಿಲ್ಲದ ಮೆಗ್ನೀಷಿಯಂ ಸಲ್ಫೇಟ್ ಇಟ್ಟು, ಗಂಟೆಗೆ ಎಷ್ಟು ನೀಲಿ ದಾಟಿತು ಎಂದು ಅಳೆಯುತ್ತಾರೆ. ಬಾಳಿಕೆ ನೋಡಲು ಪೊರೆಯ ತುಂಡನ್ನು ಹಳದಿ ದ್ರಾವಣದಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಾರೆ. ಹಳದಿ ನೀಲಿಗೆ ತಿರುಗಿದರೆ ಪೊರೆ ಸವೆಯುತ್ತಿದೆ ಎಂದರ್ಥ.

ಲಾಭನಷ್ಟಕ್ಕೆ ಎರಡು ಲೆಕ್ಕ. ತುಂಬಿದ ಕರೆಂಟಿನ ಕಣಗಳಲ್ಲಿ ವಾಪಸು ಬಂದವು ನೂರಕ್ಕೆ ಎಷ್ಟು ಎಂಬುದು ಸೋರಿಕೆಯ ಲೆಕ್ಕ. ವೋಲ್ಟು ಎಷ್ಟು ಉಳಿಯಿತು ಎಂಬುದು ತಡೆಯ ಲೆಕ್ಕ. ಎರಡನ್ನೂ ಗುಣಿಸಬೇಕು. ಮೊದಲನೆಯದು 96, ಎರಡನೆಯದು 85 ಇದ್ದರೆ ಒಟ್ಟು 82ರ ಹತ್ತಿರ. ಒಂದೇ ಅಂಕಿ ತೋರಿಸಿ ಹೊಗಳಿದರೆ ಇನ್ನೊಂದನ್ನು ಕೇಳಬೇಕು. ಉಪ್ಪಿನಕಾಯಿ ಜಾಡಿಗೆ ಸೋರಿಕೆಯಲ್ಲಿ ನೂರಕ್ಕೆ ನೂರು ಸಿಗುತ್ತದೆ! ಇದರ ಮೇಲೆ ಪಂಪಿನ ಖರ್ಚೂ ಕಳೆದರೆ ಇಡೀ ವ್ಯವಸ್ಥೆಯಿಂದ ನೂರು ಯುನಿಟ್‌ಗೆ 65ರಿಂದ 75 ವಾಪಸು ಬರುವುದು ಸಾಮಾನ್ಯ.

ನಮ್ಮ ಲೆಕ್ಕ

ಐದು ಎಚ್.ಪಿ. ಮೋಟಾರು ಎಳೆಯುವುದು ಸುಮಾರು 5 ಕಿಲೋವಾಟ್. ಸಂಜೆ ನಾಲ್ಕು ಗಂಟೆ ಓಡಿದರೆ 20 ಯುನಿಟ್. ವನೇಡಿಯಂ ದ್ರಾವಣದಲ್ಲಿ ಲೀಟರಿಗೆ ಸುಮಾರು 20 ವಾಟ್-ಗಂಟೆ ಹಿಡಿದರೆ 1,000 ಲೀಟರ್ ದ್ರಾವಣ ಬೇಕು. ಅಂದರೆ ಮನೆಯ ಮೇಲಿಡುವಂಥ 500 ಲೀಟರಿನ ಎರಡು ಟ್ಯಾಂಕು. ಪೊರೆ ಬೇಕಾದ್ದು ಸುಮಾರು 4 ಚದರ ಮೀಟರ್, ಒಂದು ದೊಡ್ಡ ಕಂಬಳಿಯಷ್ಟು. ಆ ಕಂಬಳಿಯ ಬೆಲೆ ಈಗ ಲಕ್ಷದ ಮೇಲೆ. ದ್ರಾವಣದ ಬೆಲೆ ಬೇರೆ.

ಹಾಗಾಗಿ ಒಬ್ಬೊಬ್ಬ ರೈತ ಕೊಳ್ಳುವ ಮಾಲು ಇದಲ್ಲ. ಯಾರಾದರೂ ಮನೆಬಾಗಿಲಿಗೆ ಬಂದು ಮುಂಗಡ ಕೇಳಿದರೆ ಕೊಡಬೇಡಿ. ಇದರ ಜಾಗ ಸಬ್‌ಸ್ಟೇಷನ್ನು. ಚೀನಾದ ದಾಲಿಯನ್ನಿನಲ್ಲಿ 2022ರಲ್ಲಿ 100 ಮೆಗಾವಾಟ್, ಅಂದರೆ ನಾಲ್ಕು ಲಕ್ಷ ಯುನಿಟ್ ಹಿಡಿಯುವ ವನೇಡಿಯಂ ಬ್ಯಾಟರಿ ಶುರುವಾಯಿತು. ನಮ್ಮ ದೇಶದಲ್ಲಿ ಎನ್‌.ಟಿ.ಪಿ.ಸಿ.ಯವರು 2025ರ ನವೆಂಬರಿನಲ್ಲಿ ಗ್ರೇಟರ್ ನೋಯ್ಡಾದ ತಮ್ಮ ಸಂಶೋಧನಾ ಕೇಂದ್ರದಲ್ಲಿ 3,000 ಯುನಿಟ್ಟಿನದನ್ನು ಶುರು ಮಾಡಿದರು. ನಮ್ಮ ಲೆಕ್ಕದಲ್ಲಿ ಅದು 150 ಬೋರಿನ ಒಂದು ಸಂಜೆ.

ಇದ್ದದ್ದು ಇದ್ದ ಹಾಗೆ ಹೇಳಬೇಕು. ಬೋರಿಗೆ ಹಗಲೇ ಕರೆಂಟು ಕೊಟ್ಟರೆ ಬ್ಯಾಟರಿಯೇ ಬೇಡ, ಅದು ಎಲ್ಲಕ್ಕಿಂತ ಅಗ್ಗ. ಸಂಜೆಗೆ ಎತ್ತಿಡಲು ಈಗ ಹೆಚ್ಚಾಗಿ ಹಾಕುತ್ತಿರುವುದು ಲಿಥಿಯಂ ಬ್ಯಾಟರಿ, ಅದರ ಬೆಲೆಯೂ ಇಳಿದಿದೆ. ಫ್ಲೋ ಬ್ಯಾಟರಿಯ ಗುಣ ಅಂದರೆ ದ್ರಾವಣ ನೀರಿನದು, ಬೆಂಕಿ ಹತ್ತುವುದಿಲ್ಲ, ಹತ್ತಾರು ವರ್ಷ ಕಳೆದರೂ ದ್ರಾವಣವನ್ನು ಮತ್ತೆ ಬಳಸಬಹುದು. ದೋಷ ಅಂದರೆ ಜಾಗ ಬಹಳ ಬೇಕು, ಪೊರೆ ದುಬಾರಿ. ಇನ್ನೊಂದು, ಹಳದಿ ದ್ರಾವಣ 40 ಡಿಗ್ರಿ ದಾಟಿದರೆ ಗಸಿ ಕಟ್ಟತೊಡಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಟ್ಯಾಂಕಿಗೆ ನೆರಳು, ತಂಪು ಬೇಕೇ ಬೇಕು.

ನಮ್ಮ ಕಡೆಗೆ ಇಂಥದೊಂದು ಬಂದರೆ ನಾಲ್ಕು ಪ್ರಶ್ನೆ ಕೇಳೋಣ. ನೂರು ಯುನಿಟ್ ತುಂಬಿದರೆ ಎಷ್ಟು ವಾಪಸು? ಪೊರೆ ಎಷ್ಟು ವರ್ಷ ಬಾಳುತ್ತದೆ, ಬದಲಿಸುವ ಖರ್ಚು ಯಾರದು? ಬೇಸಿಗೆಗೆ ಏನು ಏರ್ಪಾಡು? ಎತ್ತಿಟ್ಟ ಕರೆಂಟಿನಲ್ಲಿ ಬೋರಿಗೆ ಎಷ್ಟು ಪಾಲು? ಕೊನೆಯದನ್ನು ಯಾವ ವಿಜ್ಞಾನಿಯೂ ನಮ್ಮ ಪರವಾಗಿ ಕೇಳುವುದಿಲ್ಲ, ನಾವೇ ಕೇಳಬೇಕು.

ಇದನ್ನೆಲ್ಲ ಅಣ್ಣನಿಗೆ ಓದಿ ಹೇಳಿದೆ. ಕಾಲು ಚಾಚಿಕೊಂಡು ಕೇಳಿ, "ಎತ್ತಿಡೋಕೆ ಬರ್ತದೆ, ಇನ್ನೂ ಅಗ್ಗ ಆಗಿಲ್ಲ, ಅಷ್ಟೇ ತಾನೇ?" ಅಂದ. ಅಷ್ಟೇ. ಮಗಳು ರಜೆ ಮುಗಿಸಿ ಹೋದಳು. ಗಟ್ಟಿ ಬೆಂದ ಮಡಕೆಯನ್ನು ಜೊತೆಗೆ ಒಯ್ದಿದ್ದಾಳೆ, ಗೆಳತಿಯರಿಗೆ ತೋರಿಸಲು.

ಮಡಕೆ ಪ್ರಯೋಗ ಮಾಡಿ ನೋಡಿದವರು ಬರೆಯಿರಿ. ನಿಮ್ಮೂರಿನ ಕುಂಬಾರರ ಮಡಕೆಯಲ್ಲಿ ಕರೆಂಟು ಎಷ್ಟು ಬಂತು, ಬೆಳಿಗ್ಗೆ ಸತುವು ಹೇಗಿತ್ತು ಎಂದು ತಿಳಿಸಿದರೆ ನಮ್ಮದರ ಜೊತೆ ಹೋಲಿಸಿ ನೋಡಬಹುದು.